ಮಾಧ್ಯಸ್ಥ್ಯ: ಅಧ್ಯಾಪಕನ ಒಲವು ಮತ್ತು ಪೂರ್ವಪಕ್ಷದ ಶಿಸ್ತು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು (ದಿಗಂಬರ ಪರಂಪರೆಯಲ್ಲಿ ಉಮಾಸ್ವಾಮಿ, ಗೃಧ್ರಪಿಂಛ) ನಾಲ್ಕು ಭಾವನೆಗಳನ್ನು ಹೇಳುತ್ತಾರೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಕ್ಕೆ ಸಿಕ್ಕವರಲ್ಲಿ ಕಾರುಣ್ಯ, ಅವಿನೇಯರಲ್ಲಿ ಮಾಧ್ಯಸ್ಥ್ಯ. ಮೊದಲ ಮೂರು ಭಾವನೆಗಳು ಪ್ರವಚನಗಳಲ್ಲಿ ಹೆಚ್ಚಾಗಿ ಕೇಳಿಬರುತ್ತವೆ. ನಾಲ್ಕನೆಯದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವಿನೇಯನೆಂದರೆ ಬೋಧನೆಯನ್ನು ಕೇಳಿಯೂ ಅದನ್ನು ಒಪ್ಪಿ ಅಳವಡಿಸಿಕೊಳ್ಳದವನು, ಗುರುವಿನ ಮಾತಿಗೆ ಒಲಿಯದವನು. ಅಂಥವನ ವಿಷಯದಲ್ಲಿ ಕೋಪವಾಗಲಿ ತಿರಸ್ಕಾರವಾಗಲಿ ಸಲ್ಲದು, ಮಾಧ್ಯಸ್ಥ್ಯ ಇರಬೇಕು ಎಂಬುದು ಸೂತ್ರದ ಆಶಯ. ಕರ್ನಾಟಕದ ಆಚಾರ್ಯ ಪೂಜ್ಯಪಾದ ದೇವನಂದಿಗಳು ಈ ಸೂತ್ರಗ್ರಂಥಕ್ಕೆ ಬರೆದ ಸರ್ವಾರ್ಥಸಿದ್ಧಿ ವೃತ್ತಿಯಲ್ಲಿ ಆ ಪದವನ್ನು ನಿಖರವಾಗಿ ವಿವರಿಸಿದ್ದಾರೆ. ರಾಗದ್ವೇಷಗಳನ್ನು ಮೂಲವಾಗಿ ಉಳ್ಳ ಪಕ್ಷಪಾತ ಇಲ್ಲದಿರುವುದೇ ಮಾಧ್ಯಸ್ಥ್ಯ ಎಂಬುದು ಅವರ ವಿವರಣೆಯ ಸಾರ.

ಈ ವಿವರಣೆಯಲ್ಲಿ ಎರಡು ಅಂಶಗಳು ಗಮನಾರ್ಹ. ಪಕ್ಷವೇ ಇಲ್ಲದಿರುವುದನ್ನು ಪೂಜ್ಯಪಾದರು ಮಾಧ್ಯಸ್ಥ್ಯವೆಂದು ಕರೆದಿಲ್ಲ. ರಾಗದಿಂದಲೋ ದ್ವೇಷದಿಂದಲೋ ಒಂದು ಕಡೆಗೆ ಬೀಳುವುದನ್ನು ಮಾತ್ರ ಅವರು ನಿಷೇಧಿಸುತ್ತಾರೆ. ಎರಡನೆಯದಾಗಿ, ಈ ಗುಣವು ಪರೀಕ್ಷೆಗೆ ಒಳಗಾಗುವುದು ಬೋಧನೆಯ ಸಂದರ್ಭದಲ್ಲಿಯೇ, ಅದರಲ್ಲಿಯೂ ಬೋಧಕನನ್ನು ಒಪ್ಪದ ಶಿಷ್ಯನ ಎದುರಿನಲ್ಲಿ. ಅಧ್ಯಾಪಕನ ಸ್ವಂತ ಒಲವು ತರಗತಿಯ ಚರ್ಚೆಯನ್ನು ಆಳದಂತೆ ನೋಡಿಕೊಳ್ಳುವುದು ಹೇಗೆ ಎಂಬ ಇಂದಿನ ಪ್ರಶ್ನೆಗೆ ಈ ಪರಂಪರೆಯಲ್ಲಿ ದೀರ್ಘ ಇತಿಹಾಸವಿದೆ. ಆ ಇತಿಹಾಸದಲ್ಲಿ ಅನುಕರಣೀಯವಾದ ನಿದರ್ಶನಗಳಿರುವಂತೆ ಎಚ್ಚರಿಕೆಯ ನಿದರ್ಶನಗಳೂ ಇವೆ. ಎರಡನ್ನೂ ಒಟ್ಟಿಗೆ ಪರಿಶೀಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಿಷ್ಪಕ್ಷಪಾತವು ಮನಸ್ಸಿನ ಒಂದು ಸ್ಥಿತಿಗಿಂತ ಹೆಚ್ಚಾಗಿ ಒಂದು ಕಾರ್ಯವಿಧಾನ. ಅಧ್ಯಾಪಕನ ಅಂತರಂಗವನ್ನು ಯಾರೂ ನೋಡಲಾರರು. ಅವನು ಪಾಠವನ್ನು ಹೇಗೆ ಮಂಡಿಸಿದ, ಯಾವ ಕ್ರಮದಲ್ಲಿ ಮಂಡಿಸಿದ, ಏನನ್ನು ಬಿಟ್ಟ ಎಂಬುದನ್ನು ಎಲ್ಲರೂ ನೋಡಬಲ್ಲರು.

ಗುರುವಿನ ಪ್ರಾಮಾಣ್ಯ

ತರಗತಿಯ ಮಾತಿಗೆ ಇತರ ಕಡೆಯ ಮಾತಿಗಿಲ್ಲದ ಬಲವಿದೆ. ಸಭೆಯಲ್ಲಿ ಒಬ್ಬ ವಿದ್ವಾಂಸ ಆಡಿದ ಮಾತಿಗೆ ಇನ್ನೊಬ್ಬ ವಿದ್ವಾಂಸ ಅಲ್ಲಿಯೇ ಎದ್ದು ಉತ್ತರ ಕೊಡಬಲ್ಲ. ತರಗತಿಯಲ್ಲಿ ಕೇಳುಗನಿಗೆ ಆ ಸಮಾನ ನೆಲೆ ಇಲ್ಲ. ಅವನ ಅಂಕ, ಶಿಫಾರಸು ಪತ್ರ, ಕೆಲವೊಮ್ಮೆ ಸಂಶೋಧನೆಯ ಅವಕಾಶವೂ ಎದುರಿನ ವ್ಯಕ್ತಿಯ ಕೈಯಲ್ಲಿರುತ್ತದೆ. ಆದ್ದರಿಂದ ಅಧ್ಯಾಪಕನ ಒಲವು ತರ್ಕದ ಬಲದಿಂದ ಹರಡುವುದಕ್ಕಿಂತ ಪೀಠದ ಬಲದಿಂದ ಹರಡುವ ಅಪಾಯವೇ ಹೆಚ್ಚು.

ಪೀಠದ ಬಲವನ್ನೂ ಮಾತಿನ ಬಲವನ್ನೂ ಬೇರ್ಪಡಿಸುವ ಕೆಲಸವನ್ನು ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆ ಮಾಡಿದೆ. ಅದು ಸ್ತೋತ್ರರೂಪದ ಕೃತಿ. ಆದರೂ ಅದರ ಆರಂಭದಲ್ಲಿಯೇ ಸ್ತುತ್ಯನಾದ ಜಿನನನ್ನೇ ಪರೀಕ್ಷೆಗೆ ಒಡ್ಡಲಾಗಿದೆ. ದೇವತೆಗಳ ಆಗಮನ, ಆಕಾಶಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವು ಹಿರಿಮೆಗೆ ಪ್ರಮಾಣವಾಗಲಾರವು ಎಂದು ಆಚಾರ್ಯರು ವಾದಿಸುತ್ತಾರೆ. ಯಾರ ವಚನವು ಯುಕ್ತಿಗೂ ಶಾಸ್ತ್ರಕ್ಕೂ ವಿರುದ್ಧವಾಗಿಲ್ಲವೋ ಅವನೇ ಆಪ್ತ ಎಂಬ ನಿಲುವಿಗೆ ಅವರು ತಲಪುವುದು ಆ ಪರೀಕ್ಷೆಯ ಬಳಿಕ. ಪರೀಕ್ಷೆಯ ಫಲ ಜಿನನ ಪರವಾಗಿಯೇ ಬಂದಿದೆ ಎಂಬುದು ನಿಜ. ಕೃತಿಕಾರರು ಜೈನಾಚಾರ್ಯರೇ ಆಗಿದ್ದುದರಿಂದ ಅದು ಅನಿರೀಕ್ಷಿತವೂ ಅಲ್ಲ. ಆದರೆ ತೀರ್ಥಂಕರನನ್ನೂ ಯುಕ್ತಿಯ ಮುಂದೆ ನಿಲ್ಲಿಸಬಹುದೆಂದು ಒಪ್ಪಿದ ಪರಂಪರೆಯಲ್ಲಿ, ತನ್ನ ಮಾತು ಪರೀಕ್ಷೆಗೆ ಅತೀತವೆಂದು ಹೇಳುವ ಅಧಿಕಾರ ಯಾವ ಉಪಾಧ್ಯಾಯನಿಗೂ ಉಳಿಯುವುದಿಲ್ಲ. ಈ ಕೃತಿಗೆ ಅಕಲಂಕದೇವರು ಅಷ್ಟಶತಿಯನ್ನೂ ಅದನ್ನು ಒಳಗೊಂಡು ವಿದ್ಯಾನಂದರು ಅಷ್ಟಸಹಸ್ರಿಯನ್ನೂ ರಚಿಸಿದರು. ಪ್ರತಿ ಹಂತದಲ್ಲಿಯೂ ಎದುರಾಳಿಗಳ ಹೊಸ ಆಕ್ಷೇಪಗಳು ಸೇರುತ್ತಾ ಚರ್ಚೆ ವಿಸ್ತಾರವಾಯಿತು.

ಅಕಲಂಕರ ಕಥೆಯಲ್ಲಿ ಒಂದು ತರಗತಿ

ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವೆಂದರೆ ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ಮತವನ್ನು ಅವನದೇ ಯುಕ್ತಿಗಳೊಡನೆ ಮಂಡಿಸುವ ಭಾಗ. ಪೂರ್ವಪಕ್ಷವನ್ನು ದುರ್ಬಲವಾಗಿ ಮಂಡಿಸಿ ಖಂಡಿಸಿದವನಿಗೆ ವಿದ್ವತ್ಸಭೆಯಲ್ಲಿ ಮನ್ನಣೆ ದೊರೆಯುತ್ತಿರಲಿಲ್ಲ. ಏಕೆಂದರೆ ಎದುರಾಳಿ ಅಲ್ಲಿಯೇ ಇದ್ದು, ತಾನು ಹಾಗೆ ಹೇಳಿಲ್ಲವೆಂದು ಎದ್ದು ನಿಲ್ಲಬಲ್ಲವನಾಗಿದ್ದ. ತರಗತಿಯಲ್ಲಿ ಎದುರಾಳಿ ಇರುವುದಿಲ್ಲ. ಆದ್ದರಿಂದ ಅಲ್ಲಿ ಪೂರ್ವಪಕ್ಷದ ಶಿಸ್ತು ಅಧ್ಯಾಪಕನ ಪ್ರಾಮಾಣಿಕತೆಯನ್ನೇ ಅವಲಂಬಿಸಿದೆ.

ಪ್ರಭಾಚಂದ್ರರ ಕಥಾಕೋಶದಲ್ಲಿ ಬರುವ ಅಕಲಂಕ ನಿಕಲಂಕರ ಕಥೆ ಈ ದೃಷ್ಟಿಯಿಂದ ಓದಿಗೆ ಅರ್ಹ. ಕಥೆಯ ಪ್ರಕಾರ ಸೋದರರಿಬ್ಬರು ತಮ್ಮ ಮತವನ್ನು ಮರೆಮಾಚಿ ಬೌದ್ಧ ಗುರುವಿನಲ್ಲಿ ತರ್ಕಶಾಸ್ತ್ರ ಕಲಿಯುತ್ತಿದ್ದರು. ಒಂದು ದಿನ ಗುರು ಅನೇಕಾಂತವಾದವನ್ನು ಪೂರ್ವಪಕ್ಷವಾಗಿ ಉಳ್ಳ ಭಾಗವನ್ನು ಪಾಠ ಮಾಡುತ್ತಿದ್ದಾಗ ಪ್ರತಿಯ ಪಾಠ ಅಶುದ್ಧವಾಗಿದ್ದು ಅರ್ಥವಾಗಲಿಲ್ಲ. ಗುರು ಪಾಠ ನಿಲ್ಲಿಸಿ ಹೊರಗೆ ಹೋದ. ಆ ನಡುವೆ ಅಕಲಂಕರು ಆ ಪಾಠವನ್ನು ತಿದ್ದಿಟ್ಟರು. ಹಿಂತಿರುಗಿ ಬಂದ ಗುರು ತಿದ್ದುಪಡಿಯನ್ನು ಕಂಡು, ಶಿಷ್ಯರಲ್ಲಿ ಜೈನನೊಬ್ಬ ಇದ್ದಾನೆಂದು ಊಹಿಸಿ ಅವನನ್ನು ಪತ್ತೆಹಚ್ಚಲು ಪರೀಕ್ಷೆಗಳನ್ನು ಒಡ್ಡಿದ. ಕೊನೆಗೆ ಸೋದರರು ಸಿಕ್ಕಿಬಿದ್ದು ಓಡಿಹೋಗುವಾಗ ನಿಕಲಂಕ ಹತನಾದ.

ಇದನ್ನು ಚರಿತ್ರೆಯ ದಾಖಲೆಯಾಗಿ ಸ್ವೀಕರಿಸಲಾಗದು. 8ನೆಯ ಶತಮಾನದ ಅಕಲಂಕರ ಕಾಲಕ್ಕೂ ಕಥಾಕೋಶದ ಕಾಲಕ್ಕೂ ಅಂತರವಿದೆ. ಹರಿಭದ್ರರ ಶಿಷ್ಯರಾದ ಹಂಸ ಪರಮಹಂಸರ ಬಗೆಗೂ ಇದೇ ಬಗೆಯ ಕಥೆ ಪ್ರಚಾರದಲ್ಲಿದೆ. ಕಥೆ ಹೇಳಿದವರು ಜೈನರು, ಖಳನಾಗಿ ಬಂದವನು ಬೌದ್ಧ ಗುರು. ಹೀಗಿದ್ದರೂ ಕಥೆಯೊಳಗೆ ಎರಡು ಸಂಗತಿಗಳು ಉಳಿದುಕೊಂಡಿವೆ. ಎದುರಾಳಿಯ ಮತವನ್ನು ಗ್ರಂಥವನ್ನಿಟ್ಟುಕೊಂಡು ಪಾಠ ಮಾಡಬೇಕೆಂಬುದು ಆ ಗುರುವಿಗೆ ತಿಳಿದಿತ್ತು. ಅರ್ಥವಾಗದಿದ್ದಾಗ ತನಗೆ ತೋಚಿದಂತೆ ತೇಲಿಸಿ ಹೇಳದೆ ಅವನು ಪಾಠವನ್ನು ನಿಲ್ಲಿಸಿದ. ಅಷ್ಟರ ಮಟ್ಟಿಗೆ ಅವನು ಒಳ್ಳೆಯ ಅಧ್ಯಾಪಕ. ಅವನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ತಿದ್ದುಪಡಿ ಸರಿಯೇ ಎಂದು ಕೇಳುವುದನ್ನು ಬಿಟ್ಟು, ತಿದ್ದಿದವನು ಯಾರ ಕಡೆಯವನು ಎಂದು ಹುಡುಕಲು ಹೊರಟ. ವಿದ್ಯಾರ್ಥಿಯ ಉತ್ತರವು ಪಾಠಕ್ಕೆ ಕೊಡುಗೆಯಾಗುವ ಬದಲು ಅವನ ಮತಕ್ಕೆ ಸಾಕ್ಷ್ಯವಾಯಿತು.

ಇಂದಿನ ತರಗತಿಯಲ್ಲಿ ಪ್ರಾಣಭಯವಿಲ್ಲ. ಆದರೆ ವಿದ್ಯಾರ್ಥಿಯ ಹೆಸರಿನಿಂದಲೋ ಊರಿನಿಂದಲೋ ಅವನ ಸಮುದಾಯವನ್ನು ಊಹಿಸಿ, ಅವನ ಪ್ರಶ್ನೆಯನ್ನು ಆ ಸಮುದಾಯದ ಪ್ರಶ್ನೆಯಾಗಿ ಕೇಳಿಸಿಕೊಳ್ಳುವ ಅಭ್ಯಾಸ ಮಾಯವಾಗಿಲ್ಲ. ಹಾಗೆ ಕೇಳಿಸಿಕೊಂಡ ಕ್ಷಣದಲ್ಲಿ ಚರ್ಚೆ ಮುಗಿಯುತ್ತದೆ. ಮುಂದಿನ ಬಾರಿ ಆ ವಿದ್ಯಾರ್ಥಿ ಅಶುದ್ಧ ಪಾಠವನ್ನು ಕಂಡರೂ ತಿದ್ದಲು ಕೈ ಎತ್ತುವುದಿಲ್ಲ.

ಹರಿಭದ್ರರ ಎರಡು ಕೃತಿಗಳು

ಒಬ್ಬನೇ ಲೇಖಕ ತೀವ್ರ ಅಭಿಪ್ರಾಯವುಳ್ಳವನಾಗಿಯೂ ಪಾಠದಲ್ಲಿ ಅದನ್ನು ಹಿಂದೆ ಇಡಬಲ್ಲನೆಂಬುದಕ್ಕೆ 8ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹರಿಭದ್ರಸೂರಿಗಳು ಉತ್ತಮ ನಿದರ್ಶನ. ಪ್ರಾಕೃತದಲ್ಲಿರುವ ಅವರ ಧೂರ್ತಾಖ್ಯಾನವು ವಿಡಂಬನ ಕೃತಿ. ಧೂರ್ತರು ಒಬ್ಬರನ್ನೊಬ್ಬರು ಮೀರಿಸುವ ಸುಳ್ಳುಕಥೆಗಳನ್ನು ಹೇಳುತ್ತಾರೆ. ಪ್ರತಿಯೊಂದು ಸುಳ್ಳಿಗೂ ರಾಮಾಯಣ, ಮಹಾಭಾರತ, ಪುರಾಣಗಳಿಂದ ಸಮಾನ ಪ್ರಸಂಗವನ್ನು ತೋರಿಸಿ ಅದು ಸಂಭಾವ್ಯವೆಂದು ಸಮರ್ಥಿಸಲಾಗುತ್ತದೆ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು 1944ರಲ್ಲಿ ಈ ಕೃತಿಯ ವಿಮರ್ಶಾತ್ಮಕ ಅಧ್ಯಯನವನ್ನು ಪ್ರಕಟಿಸಿದರು. ಪರಮತದ ಪುರಾಣಗಳ ಬಗೆಗೆ ಹರಿಭದ್ರರ ಅಭಿಪ್ರಾಯ ಏನೆಂಬ ವಿಷಯದಲ್ಲಿ ಧೂರ್ತಾಖ್ಯಾನವನ್ನು ಓದಿದವರಿಗೆ ಸಂದೇಹ ಉಳಿಯದು.

ಅದೇ ಹರಿಭದ್ರರು ಷಡ್ದರ್ಶನಸಮುಚ್ಚಯವನ್ನೂ ಬರೆದರು. 87 ಶ್ಲೋಕಗಳ ಈ ಪುಟ್ಟ ಕೃತಿ ಬೌದ್ಧ, ನೈಯಾಯಿಕ, ಸಾಂಖ್ಯ, ಜೈನ, ವೈಶೇಷಿಕ, ಜೈಮಿನೀಯ ಎಂಬ ಆರು ದರ್ಶನಗಳನ್ನು ಪರಿಚಯಿಸುತ್ತದೆ. ಪ್ರತಿಯೊಂದಕ್ಕೂ ಅದರ ದೇವತೆ ಯಾರು, ತತ್ತ್ವಗಳು ಯಾವುವು, ಪ್ರಮಾಣಗಳು ಎಷ್ಟು ಎಂಬಂಥ ವಿವರಗಳು ಮಾತ್ರ ಇವೆ. ಖಂಡನೆ ಇಲ್ಲ. ಜೈನದರ್ಶನಕ್ಕೆ ಮೊದಲ ಸ್ಥಾನವೂ ಇಲ್ಲ, ಕೊನೆಯ ಸ್ಥಾನವೂ ಇಲ್ಲ. ಅದು ನಾಲ್ಕನೆಯದಾಗಿ, ಇತರ ದರ್ಶನಗಳ ನಡುವೆ ಬರುತ್ತದೆ. ನ್ಯಾಯ ವೈಶೇಷಿಕಗಳನ್ನು ಒಂದೆಂದು ಎಣಿಸುವವರ ಮತದಲ್ಲಿ ಆರು ಎಂಬ ಸಂಖ್ಯೆ ಪೂರ್ಣವಾಗಲು ಲೋಕಾಯತವನ್ನು ಸೇರಿಸಬೇಕಾಗುತ್ತದೆ ಎಂದು ತಿಳಿಸಿ, ಆಸ್ತಿಕ ನಾಸ್ತಿಕರೆಲ್ಲರೂ ಹೀಗಳೆಯುತ್ತಿದ್ದ ಚಾರ್ವಾಕ ಮತಕ್ಕೂ ಕೃತಿಯ ಕೊನೆಯಲ್ಲಿ ಜಾಗ ಮಾಡಿಕೊಡಲಾಗಿದೆ.

ಎರಡು ಕೃತಿಗಳ ಅಂತರವನ್ನು ಲೇಖಕನ ಮನೋಭಾವ ಬದಲಾಯಿತೆಂದು ವಿವರಿಸಬೇಕಾಗಿಲ್ಲ. ಕೃತಿಗಳ ಉದ್ದೇಶಗಳೇ ಬೇರೆ. ವಿಡಂಬನೆಯ ಓದುಗ ವಿಡಂಬನೆಯೆಂದು ತಿಳಿದೇ ಕೃತಿಯನ್ನು ಕೈಗೆತ್ತಿಕೊಳ್ಳುತ್ತಾನೆ. ದರ್ಶನಗಳ ಪ್ರವೇಶಗ್ರಂಥವನ್ನು ಓದುವವನು ಇನ್ನೂ ತನ್ನ ನಿಲುವನ್ನು ರೂಪಿಸಿಕೊಳ್ಳದ ವಿದ್ಯಾರ್ಥಿ. ಅವನಿಗೆ ಬೇಕಾದುದು ಆರು ದರ್ಶನಗಳ ಸ್ವರೂಪವೇ ಹೊರತು ಆರನೆಯದರ ಮೇಲೆ ಏಳನೆಯವನ ಕೋಪವಲ್ಲ. ಅಧ್ಯಾಪಕ ಲೇಖನದಲ್ಲಿ, ಭಾಷಣದಲ್ಲಿ, ನಾಗರಿಕನಾಗಿ ತನ್ನ ಅಭಿಪ್ರಾಯವನ್ನು ಎಷ್ಟು ಖಾರವಾಗಿ ಬೇಕಾದರೂ ಹೇಳಬಹುದು. ಆ ಹಕ್ಕನ್ನು ಯಾರೂ ಕಸಿಯಬೇಕಾಗಿಲ್ಲ. ತರಗತಿಗೆ ಬಂದಾಗ ಅವನು ಷಡ್ದರ್ಶನಸಮುಚ್ಚಯದ ಹರಿಭದ್ರನಾಗಬೇಕು.

ಕ್ರಮವೂ ಒಂದು ತೀರ್ಪು

ಒಂದು ಕೆಟ್ಟ ವಿಶೇಷಣವನ್ನೂ ಬಳಸದೆ ಪಕ್ಷಪಾತ ತೋರಲು ಸಾಧ್ಯವೆಂಬುದಕ್ಕೆ ಇದೇ ಪ್ರಕಾರದ ಇನ್ನೊಂದು ಗ್ರಂಥ ಸಾಕ್ಷಿ. ವಿಜಯನಗರ ಕಾಲದ, 14ನೆಯ ಶತಮಾನದ ಮಾಧವಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಸರ್ವದರ್ಶನಸಂಗ್ರಹವು 16 ದರ್ಶನಗಳನ್ನು ವಿವರಿಸುತ್ತದೆ. ಮಾಹಿತಿಯ ದೃಷ್ಟಿಯಿಂದ ಅದು ಅಮೂಲ್ಯ ಗ್ರಂಥ. ಆರ್ಹತ ದರ್ಶನದ ಅಧ್ಯಾಯದಲ್ಲಿ ತತ್ತ್ವಾರ್ಥಸೂತ್ರವೇ ಮೊದಲಾದ ಜೈನಗ್ರಂಥಗಳ ವಚನಗಳನ್ನು ಗ್ರಂಥಕಾರರು ಉದ್ಧರಿಸುತ್ತಾರೆ. ಆ ಮಟ್ಟಿಗೆ ಅವರ ಪೂರ್ವಪಕ್ಷ ಪ್ರಾಮಾಣಿಕವಾದುದು. ಆದರೆ ದರ್ಶನಗಳ ಜೋಡಣೆಯನ್ನು ನೋಡಬೇಕು. ಚಾರ್ವಾಕದಿಂದ ಮೊದಲಾಗಿ ಬೌದ್ಧ, ಆರ್ಹತ, ರಾಮಾನುಜ, ಪೂರ್ಣಪ್ರಜ್ಞ ದರ್ಶನಗಳನ್ನು ದಾಟಿ ಗ್ರಂಥವು ಶಾಂಕರ ದರ್ಶನದಲ್ಲಿ ಮುಗಿಯುತ್ತದೆ. ಒಂದೊಂದು ದರ್ಶನವೂ ಹಿಂದಿನದರ ದೋಷವನ್ನು ತೋರಿಸುತ್ತಾ ಮುಂದಿನ ಮೆಟ್ಟಿಲಾಗುತ್ತದೆ. ಓದುಗ ಕೊನೆಯ ಮೆಟ್ಟಿಲಿಗೆ ಬಂದಾಗ ತಾನೇ ಹತ್ತಿ ಬಂದೆನೆಂದು ಭಾವಿಸುತ್ತಾನೆ. ಮೆಟ್ಟಿಲುಗಳನ್ನು ಜೋಡಿಸಿದವರ ಕೈ ಅವನಿಗೆ ಕಾಣುವುದಿಲ್ಲ.

ಪಠ್ಯಕ್ರಮ ರೂಪಿಸುವವರೂ ಉಪನ್ಯಾಸಗಳ ಸರಣಿಯನ್ನು ಯೋಜಿಸುವವರೂ ದಿನನಿತ್ಯ ಮಾಡುವ ಕೆಲಸ ಇದೇ. ಯಾವುದನ್ನು ಮೊದಲು ಹೇಳಿ ಯಾವುದನ್ನು ಕೊನೆಗೆ ಇಡುತ್ತಾರೆ, ಯಾವುದಕ್ಕೆ ನಾಲ್ಕು ಅವಧಿ ಕೊಟ್ಟು ಯಾವುದನ್ನು ಅರ್ಧ ಅವಧಿಯಲ್ಲಿ ಮುಗಿಸುತ್ತಾರೆ ಎಂಬುದರಲ್ಲಿಯೇ ತೀರ್ಪು ಅಡಗಿರುತ್ತದೆ.

ಕನ್ನಡ ಸಾಹಿತ್ಯ ಚರಿತ್ರೆಯ ಕಾಲವಿಭಜನೆಯೂ ಇದಕ್ಕೆ ಹೊರತಲ್ಲ. ಎಡ್ವರ್ಡ್ ರೈಸ್ ಅವರ ಸಾಹಿತ್ಯ ಚರಿತ್ರೆ ಜೈನ, ಲಿಂಗಾಯತ, ವೈಷ್ಣವ ಎಂದು ಮತಗಳ ಹೆಸರಿನಲ್ಲಿ ಕಾಲಗಳನ್ನು ಗುರುತಿಸಿತು. ರಂ. ಶ್ರೀ. ಮುಗಳಿಯವರು ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಯುಗಪ್ರವರ್ತಕರ ಹೆಸರಿನಲ್ಲಿ ವಿಭಜಿಸಿದರು. ಮೊದಲ ವಿಭಜನೆಯನ್ನು ಅನುಸರಿಸಿದ ವಿದ್ಯಾರ್ಥಿಗೆ ಪಂಪ ಮುಖ್ಯವಾಗಿ ಜೈನ ಕವಿಯಾಗಿ ಕಾಣುತ್ತಾನೆ, ವಿಕ್ರಮಾರ್ಜುನ ವಿಜಯದ ಲೌಕಿಕ ಪ್ರಪಂಚ ಹಿಂದೆ ಸರಿಯುತ್ತದೆ. ಎರಡನೆಯದನ್ನು ಅನುಸರಿಸಿದವನಿಗೆ ಪಂಪ ಮಹಾಕವಿಯಾಗಿ ಎದ್ದುಕಾಣುತ್ತಾನೆ, ಆದಿಪುರಾಣದ ಹಿಂದಿರುವ ಜಿನಸೇನರ ಪರಂಪರೆ ಮಸುಕಾಗುವ ಸಂಭವವಿದೆ. ಎರಡೂ ಉಪಯುಕ್ತ ವಿಭಜನೆಗಳೇ. ಇವು ವಿದ್ವಾಂಸರು ಅನುಕೂಲಕ್ಕಾಗಿ ಎಳೆದ ಗೆರೆಗಳೆಂಬುದನ್ನು ವಿದ್ಯಾರ್ಥಿಗೆ ತಿಳಿಸದೆ ಒಂದನ್ನೇ ನಿಸರ್ಗಸಿದ್ಧವೆಂಬಂತೆ ಬೋಧಿಸಿದರೆ ಅದು ಪಕ್ಷಪಾತ.

ಎರಡು ಶಾಸನಗಳು

ಹಳಗನ್ನಡ ನಡುಗನ್ನಡ ತರಗತಿಯಲ್ಲಿ ಅಧ್ಯಾಪಕನ ಮಾಧ್ಯಸ್ಥ್ಯ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಮತಸಂಘರ್ಷದ ಪಠ್ಯಗಳು ಬಂದಾಗ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯನು ಜೈನರೊಡನೆ ಪಣ ತೊಟ್ಟು ತನ್ನ ಶಿರವನ್ನು ಅರಿದು ಮರಳಿ ಪಡೆದನೆಂದೂ, ಜಿನಬಿಂಬವನ್ನು ಕೆಡಹಿದನೆಂದೂ, ಬಿಜ್ಜಳನಿಂದ ಜಯಪತ್ರ ಪಡೆದನೆಂದೂ ಅದು ಹೇಳುತ್ತದೆ. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಈ ಪ್ರಸಂಗದ ಶಿಲ್ಪಗಳೂ ಇವೆ. ಹರಿಹರ ಇದೇ ಭಕ್ತನನ್ನು ಕುರಿತು ರಗಳೆ ಬರೆದಿದ್ದಾನೆ. ಇನ್ನೊಂದು ಕಡೆ ಶ್ರವಣಬೆಳಗೊಳದಲ್ಲಿ ಬುಕ್ಕರಾಯನ 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಜೈನರಿಗೆ ಸ್ಥಿರಪಡಿಸಿ, ಅವರ ರಕ್ಷಣೆಯ ಹೊಣೆಯನ್ನು ವೈಷ್ಣವರಿಗೆ ಒಪ್ಪಿಸಿದನೆಂದು ಅದು ತಿಳಿಸುತ್ತದೆ.

ಅಬ್ಬಲೂರನ್ನು ಮಾತ್ರ ಪಾಠ ಮಾಡಿದ ಅಧ್ಯಾಪಕ ಒಂದೂ ಸುಳ್ಳು ಹೇಳದೆ ಮಧ್ಯಕಾಲದ ಕರ್ನಾಟಕವನ್ನು ನಿರಂತರ ಮತಕಲಹದ ನಾಡಾಗಿ ಚಿತ್ರಿಸಬಲ್ಲ. ಬೆಳಗೊಳವನ್ನು ಮಾತ್ರ ಪಾಠ ಮಾಡಿದವನು ಅಷ್ಟೇ ಸತ್ಯವಾದ ಮಾತುಗಳಿಂದ ಅದನ್ನು ಅಖಂಡ ಸೌಹಾರ್ದದ ನಾಡಾಗಿಸಬಲ್ಲ. ಬೆಳಗೊಳದ ಶಾಸನ ಹುಟ್ಟಿದ್ದೇ ವಿವಾದದಿಂದ ಎಂಬುದನ್ನು ಎರಡನೆಯವನು ಮರೆಸುತ್ತಾನೆ. ಜೈನರ ಲೇಖನಿಯಿಂದಲೂ ಕಟುವಾದ ಮಾತುಗಳು ಬಂದಿವೆ ಎಂಬುದನ್ನು ಕೂಡ ಇಲ್ಲಿ ಹೇಳಬೇಕು. 12ನೆಯ ಶತಮಾನದ ಬ್ರಹ್ಮಶಿವನ ಸಮಯಪರೀಕ್ಷೆ ಪರಮತಗಳ ದೇವತೆಗಳನ್ನೂ ಆಚರಣೆಗಳನ್ನೂ ನಿಷ್ಠುರವಾಗಿ ಅವಹೇಳನ ಮಾಡುತ್ತದೆ. ಏಕಾಂತದ ರಾಮಯ್ಯನ ಪ್ರಸಂಗದಲ್ಲಿ ಜೈನರ ನೋವನ್ನು ಎತ್ತಿ ಹೇಳಿ, ಸಮಯಪರೀಕ್ಷೆಯನ್ನು ಕೇವಲ ಹಾಸ್ಯಸಾಹಿತ್ಯವೆಂದು ದಾಟಿಸುವ ಅಧ್ಯಾಪಕ ಮಧ್ಯಸ್ಥನಲ್ಲ. ಸಮಯಪರೀಕ್ಷೆಯ ಅಸಹನೆಯನ್ನು ಎತ್ತಿ ತೋರಿಸಿ ಅಬ್ಬಲೂರನ್ನು ಭಕ್ತಿಯ ಉತ್ಕರ್ಷವೆಂದಷ್ಟೇ ವರ್ಣಿಸುವವನೂ ಮಧ್ಯಸ್ಥನಲ್ಲ. ಇಂಥ ಸಂದರ್ಭದಲ್ಲಿ ಅಧ್ಯಾಪಕನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಒಂದು ಸರಳ ವಿಧಾನವಿದೆ. ಒಂದು ಪಠ್ಯಕ್ಕೆ ಬಳಸಿದ ಅಳತೆಗೋಲನ್ನೇ ಇನ್ನೊಂದಕ್ಕೂ ಬಳಸಿದೆನೇ, ಒಂದರ ಅತಿಶಯೋಕ್ತಿಗೆ ಕಾವ್ಯವೆಂದೂ ಇನ್ನೊಂದರ ಅತಿಶಯೋಕ್ತಿಗೆ ದ್ವೇಷವೆಂದೂ ಹೆಸರಿಟ್ಟೆನೇ ಎಂದು ಕೇಳಿಕೊಳ್ಳುವುದು.

ಸಂದೇಹವಾದವಲ್ಲ

ಒಲವನ್ನು ಹೊರಗಿಡಬೇಕೆಂದರೆ ಎಲ್ಲ ಮಾತುಗಳೂ ಸಮಾನ ಸತ್ಯವೆಂದು ಹೇಳಬೇಕೆಂದು ಅರ್ಥವಲ್ಲ. ಸ್ಯಾದ್ವಾದದ ಮೇಲೆಯೇ ಈ ಆಕ್ಷೇಪ ಬಂದಿತ್ತು. ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯವು ಅದನ್ನು ಅನಿಶ್ಚಯಕ್ಕೆ ಎಡೆಮಾಡುವ ವಾದವೆಂದು ಖಂಡಿಸಿತು. ಜೈನ ತಾರ್ಕಿಕರ ಉತ್ತರ ಸ್ಪಷ್ಟವಾಗಿದೆ. 'ಸ್ಯಾತ್' ಎಂಬುದಕ್ಕೆ 'ಬಹುಶಃ' ಎಂಬ ಅರ್ಥವಿಲ್ಲ. ಯಾವ ಅಪೇಕ್ಷೆಯಿಂದ, ಯಾವ ದೃಷ್ಟಿಯಿಂದ ಈ ಮಾತು ನಿಶ್ಚಿತ ಎಂಬುದನ್ನು ಅದು ಸೂಚಿಸುತ್ತದೆ. ಒಂದು ಅಂಶವನ್ನು ಗ್ರಹಿಸಿ ಉಳಿದ ಅಂಶಗಳನ್ನು ನಿರಾಕರಿಸದ ನೋಟ ನಯ. ತಾನು ಕಂಡ ಅಂಶವೇ ಪೂರ್ಣವೆಂದು ಹಟಹಿಡಿದು ಉಳಿದುದನ್ನು ತಳ್ಳಿಹಾಕುವುದು ದುರ್ನಯ.

ಅಬ್ಬಲೂರಿನ ಶಾಸನಕ್ಕೆ ಈ ವಿವೇಕವನ್ನು ಅನ್ವಯಿಸಬಹುದು. ಶಾಸನದಲ್ಲಿ ಏನು ಬರೆದಿದೆ ಎಂಬುದು ಓದಿ ನಿರ್ಣಯಿಸಬಹುದಾದ ವಿಷಯ, ಅದರಲ್ಲಿ ಎರಡು ಮತಗಳಿಗೆ ಸಮಾನ ಗೌರವ ಕೊಡುವ ಪ್ರಶ್ನೆ ಬಾರದು. ಅರಿದ ಶಿರ ಮರಳಿ ಕೂಡಿತೆಂಬುದು ಭಕ್ತರ ನಂಬಿಕೆ. ಆ ನಂಬಿಕೆ ಸುಮಾರು 1200ರ ಹೊತ್ತಿಗೆ ಕಲ್ಲಿನಲ್ಲಿ ಕೆತ್ತುವಷ್ಟು ಬಲವಾಗಿತ್ತು ಎಂಬುದು ಚಾರಿತ್ರಿಕ ಸಂಗತಿ. ಬಸದಿಗೆ ಹಾನಿಯಾಯಿತೇ, ಆಗಿದ್ದರೆ ಎಷ್ಟು ಎಂಬುದು ಸಾಕ್ಷ್ಯಗಳನ್ನು ತೂಗಿ ಊಹಿಸಬೇಕಾದುದು. ಆ ಘಟನೆ ಶ್ಲಾಘ್ಯವೋ ಖಂಡನೀಯವೋ ಎಂಬುದು ಮೌಲ್ಯನಿರ್ಣಯ. ಈ ನಾಲ್ಕು ಸ್ತರಗಳನ್ನು ಬೇರೆಬೇರೆಯಾಗಿ ಹೇಳಿದರೆ ಅಧ್ಯಾಪಕನು ನಾಲ್ಕನೆಯ ಸ್ತರದಲ್ಲಿ ತನ್ನ ಅಭಿಪ್ರಾಯವನ್ನು ಕೇಳಿದವರಿಗೆ ತಿಳಿಸಿದರೂ ಹಾನಿಯಿಲ್ಲ. ಅದು ಅವನ ಅಭಿಪ್ರಾಯವೆಂಬುದು ಎಲ್ಲರಿಗೂ ಗೊತ್ತಾಗಿರುತ್ತದೆ. ನಾಲ್ಕನೆಯದನ್ನು ಮೊದಲನೆಯದರ ವೇಷದಲ್ಲಿ ತಂದಾಗ ಮಾತ್ರ ವಿದ್ಯಾರ್ಥಿ ಮೋಸಹೋಗುತ್ತಾನೆ.

ಅನೇಕಾಂತದ ಹೆಸರಿನಲ್ಲಿಯೂ ಒಂದು ಅಪಾಯವಿದೆ. 1933ರಲ್ಲಿ ಆನಂದಶಂಕರ ಧ್ರುವ ಅವರು ಸ್ಯಾದ್ವಾದಮಂಜರಿಯ ಪೀಠಿಕೆಯಲ್ಲಿ ಸ್ಯಾದ್ವಾದವನ್ನು ಬೌದ್ಧಿಕ ಅಹಿಂಸೆಯಾಗಿ ನಿರೂಪಿಸಿದರು. ಆ ವ್ಯಾಖ್ಯಾನ ಬಹಳ ಪ್ರಚಾರ ಪಡೆಯಿತು. ಜಾನ್ ಕೋರ್ಟ್ ಮೊದಲಾದ ಇತ್ತೀಚಿನ ವಿದ್ವಾಂಸರು ಇದನ್ನು ಪ್ರಶ್ನಿಸಿ, ಪ್ರಾಚೀನ ಜೈನ ತಾರ್ಕಿಕರು ಅನೇಕಾಂತವನ್ನು ವಾದದಲ್ಲಿ ಗೆಲ್ಲುವ ಸಾಧನವಾಗಿಯೂ ಬಳಸಿದರೆಂದು ತೋರಿಸಿದ್ದಾರೆ. ಇತರರೆಲ್ಲರೂ ಒಂದೊಂದು ಅಂಶವನ್ನು ಮಾತ್ರ ಕಂಡವರು, ಪೂರ್ಣವನ್ನು ಕಂಡವರು ತಾವು ಎಂಬ ವಾದಕ್ಕೂ ಅದು ಆಧಾರವಾಯಿತು. 1129ರ ಮಲ್ಲಿಷೇಣ ಪ್ರಶಸ್ತಿ ಅಕಲಂಕರನ್ನು ಕೊಂಡಾಡುವುದು ಮುಖ್ಯವಾಗಿ ಬೌದ್ಧರನ್ನು ಗೆದ್ದ ವಾದಿಯಾಗಿ. ಈ ವಿಮರ್ಶೆಯನ್ನು ಅಲಕ್ಷಿಸಲಾಗದು. ತಾನು ಎಲ್ಲ ದೃಷ್ಟಿಗಳನ್ನೂ ಒಳಗೊಂಡವನೆಂದು ನಂಬಿದ ಅಧ್ಯಾಪಕನು ತನ್ನ ದೃಷ್ಟಿಯೂ ಒಂದು ನಯವೆಂಬುದನ್ನು ಮರೆತರೆ, ಒಪ್ಪದ ವಿದ್ಯಾರ್ಥಿಯನ್ನು ಸುಲಭವಾಗಿ ಸಂಕುಚಿತನೆಂದು ಕರೆದುಬಿಡುತ್ತಾನೆ.

ಭಂಡಾರಗಳ ಪಾಠ

ವಾದದಲ್ಲಿ ಎಷ್ಟೇ ಕಠಿಣರಾಗಿದ್ದರೂ ಜೈನರು ಎದುರಾಳಿಯ ಗ್ರಂಥವನ್ನು ನಾಶಕ್ಕೆ ಬಿಡಲಿಲ್ಲವೆಂಬುದು ಈ ಇತಿಹಾಸದ ಬೆಳಕಿನ ಭಾಗ. ಬೌದ್ಧ ಆಚಾರ್ಯ ಶಾಂತರಕ್ಷಿತರ ತತ್ತ್ವಸಂಗ್ರಹದಲ್ಲಿ ಜೈನಮತದ ಖಂಡನೆ ಇದೆ. ಅದರ ಸಂಸ್ಕೃತ ಮೂಲ ಉಳಿದು ಬಂದದ್ದು ಪಾಟಣ, ಜೈಸಲ್ಮೇರಿನ ಜೈನ ಭಂಡಾರಗಳಲ್ಲಿ. 1926ರಲ್ಲಿ ಅದು ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಯಾವ ಪ್ರಮಾಣವನ್ನೂ ಒಪ್ಪದ ಜಯರಾಶಿ ಭಟ್ಟನ ತತ್ತ್ವೋಪಪ್ಲವಸಿಂಹವೂ ಪಾಟಣದ ಜೈನ ಭಂಡಾರದ ತಾಳೆಗರಿ ಪ್ರತಿಯಿಂದಲೇ ಬೆಳಕಿಗೆ ಬಂದು, ಪಂಡಿತ ಸುಖಲಾಲಜಿ ಮತ್ತು ರಸಿಕಲಾಲ ಪಾರೀಖರ ಸಂಪಾದಕತ್ವದಲ್ಲಿ 1940ರಲ್ಲಿ ಮುದ್ರಣಗೊಂಡಿತು. ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸಬೇಕಾದರೆ ಅದರ ಗ್ರಂಥ ಕೈಯಲ್ಲಿರಬೇಕೆಂಬ ವಿದ್ಯೆಯ ಅಗತ್ಯವೇ ಇದಕ್ಕೆ ಒಂದು ಕಾರಣ. ತರಗತಿಯಲ್ಲಿ ಇದರ ಸಮಾನ ಕ್ರಿಯೆಯೆಂದರೆ ತಾನು ಒಪ್ಪದ ವಿದ್ವಾಂಸನ ಲೇಖನವನ್ನು ಸಾರಾಂಶದಲ್ಲಿ ಹೇಳಿ ಮುಗಿಸದೆ ವಿದ್ಯಾರ್ಥಿಯ ಕೈಗೆ ಕೊಡುವುದು. ಆಗ ಅಧ್ಯಾಪಕನ ಸಾರಾಂಶವೇ ತಪ್ಪಿದ್ದರೂ ಅದನ್ನು ಕಂಡುಹಿಡಿಯುವ ದಾರಿ ವಿದ್ಯಾರ್ಥಿಗೆ ತೆರೆದಿರುತ್ತದೆ.

20ನೆಯ ಶತಮಾನದ ಯುರೋಪು ಬೇರೊಂದು ದಾರಿಯಿಂದ ಇದೇ ಪ್ರಶ್ನೆಗೆ ಬಂದಿತು. 1917ರಲ್ಲಿ ಮ್ಯೂನಿಕ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಮ್ಯಾಕ್ಸ್ ವೇಬರ್, ಕೇಳುಗರು ಮೌನವಾಗಿ ಕುಳಿತಿರಬೇಕಾದ ಸ್ಥಳದಲ್ಲಿ ಅಧ್ಯಾಪಕನು ತನ್ನ ರಾಜಕೀಯವನ್ನು ಬೋಧಿಸುವುದು ಹೊಣೆಗೇಡಿತನವೆಂದು ವಾದಿಸಿದರು. ವಿದ್ಯಾರ್ಥಿಯ ಪಕ್ಷಕ್ಕೆ ಅನನುಕೂಲವಾದ ಸಂಗತಿಗಳನ್ನು ಗುರುತಿಸಲು ಕಲಿಸುವುದು ಅಧ್ಯಾಪಕನ ಮೊದಲ ಕೆಲಸವೆಂಬುದು ಅವರ ನಿಲುವು. 1976ರಲ್ಲಿ ಪಶ್ಚಿಮ ಜರ್ಮನಿಯ ಬ್ಯೂಟೆಲ್ಸ್‌ಬಾಖ್‌ನಲ್ಲಿ ಸೇರಿದ ಶಿಕ್ಷಣತಜ್ಞರ ಚರ್ಚೆಯಿಂದ ಮೂರು ತತ್ತ್ವಗಳು ರೂಪುಗೊಂಡವು. ವಿದ್ಯಾರ್ಥಿಯನ್ನು ಒಂದು ಅಭಿಪ್ರಾಯಕ್ಕೆ ಬಲವಂತದಿಂದ ಒಲಿಸಬಾರದು. ವಿದ್ವತ್ತಿನಲ್ಲಿಯೂ ರಾಜಕೀಯದಲ್ಲಿಯೂ ವಿವಾದಾಸ್ಪದವಾದುದು ತರಗತಿಯಲ್ಲಿಯೂ ವಿವಾದಾಸ್ಪದವಾಗಿಯೇ ತೋರಬೇಕು. ವಿದ್ಯಾರ್ಥಿಯು ತನ್ನ ಸ್ಥಿತಿಯನ್ನು ತಾನೇ ವಿಶ್ಲೇಷಿಸಬಲ್ಲವನಾಗಬೇಕು. ಎರಡನೆಯ ತತ್ತ್ವವು ಪೂರ್ವಪಕ್ಷದ ಶಿಸ್ತಿಗೆ ಎಷ್ಟು ಹತ್ತಿರವೆಂಬುದು ಹೇಳದೆಯೇ ತಿಳಿಯುತ್ತದೆ. ಕವಿರಾಜಮಾರ್ಗವು ಸುಮಾರು 850ರಲ್ಲಿಯೇ ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವುದನ್ನು ನಿಜವಾದ ಸಂಪತ್ತಿನ ಸ್ಥಾನದಲ್ಲಿ ಇಟ್ಟಿತ್ತು. ಸಹನೆಯ ಆದರ್ಶ ಕನ್ನಡಕ್ಕೆ ಹೊಸದಲ್ಲ. ಅದನ್ನು ದಿನದ ಪಾಠಕ್ಕೆ ಇಳಿಸುವ ವಿಧಾನವನ್ನು ಪ್ರತಿಯೊಬ್ಬ ಅಧ್ಯಾಪಕನೂ ಅಭ್ಯಾಸದಿಂದ ಗಳಿಸಬೇಕಾಗಿದೆ.

ಆ ಅಭ್ಯಾಸದ ಕೊನೆಯ ಪರೀಕ್ಷೆ ನಡೆಯುವುದು ತರಗತಿಯಲ್ಲಿ ಅಲ್ಲ, ಉತ್ತರಪ್ರತಿಕೆಯ ಮೇಲೆ. ಅಧ್ಯಾಪಕನು ಎಷ್ಟೇ ಸಮತೋಲದಿಂದ ಪಾಠ ಮಾಡಿದ್ದರೂ, ಅವನ ಒಲವಿಗೆ ಹೊಂದುವ ಉತ್ತರಕ್ಕೆ ಹೆಚ್ಚು ಅಂಕ ಬೀಳುವುದಾದರೆ ವಿದ್ಯಾರ್ಥಿಗಳು ಒಂದೇ ವರ್ಷದಲ್ಲಿ ಅದನ್ನು ಅರಿತುಕೊಂಡು ಅವನಿಗೆ ಬೇಕಾದುದನ್ನೇ ಬರೆಯತೊಡಗುತ್ತಾರೆ. ತನ್ನ ನಿಲುವನ್ನು ಪ್ರಮಾಣಸಹಿತವಾಗಿ ಖಂಡಿಸಿದ ಉತ್ತರಕ್ಕೂ, ಅದನ್ನು ಪ್ರಮಾಣವಿಲ್ಲದೆ ಹೊಗಳಿದ ಉತ್ತರಕ್ಕೂ ಅವನು ಕೊಡುವ ಅಂಕಗಳೇ ಅವನ ಮಾಧ್ಯಸ್ಥ್ಯದ ಅಳತೆ. ಉಮಾಸ್ವಾತಿಗಳು ಆ ಭಾವನೆಯನ್ನು ಮೆಚ್ಚುವ ಶಿಷ್ಯನ ವಿಷಯದಲ್ಲಿ ಹೇಳದೆ ಒಪ್ಪದ ಶಿಷ್ಯನ ವಿಷಯದಲ್ಲಿ ಹೇಳಿದ್ದು ಸಕಾರಣವಾಗಿದೆ.